ಲೆನ್ಸಿಗೆ ಗಂಧ ಹಚ್ಚಿದ ಅತ್ತೆ

ನಮ್ಮ ಮನೆಯಲ್ಲಿ ಗಾಜಿಗೆ ಸಿಗುವ ಮರ್ಯಾದೆ ಮನುಷ್ಯರಿಗೆ ಸಿಗುವುದಿಲ್ಲ ಎಂದು ಬಂದವರೆದುರು ನಾನು ಹೇಳುವುದುಂಟು. ನನ್ನ ಗಂಡ ಅದನ್ನು ಹೊಗಳಿಕೆಯೆಂದೇ ತಿಳಿದು ತಲೆಯಾಡಿಸುತ್ತಾರೆ. ಗಾಜು ಎಂದರೆ ಕ್ಯಾಮರಾದ ಲೆನ್ಸು. ನರಿಕೊಂಬಿನಲ್ಲಿ ನದಿಯ ದಂಡೆಗೆ ಹತ್ತಿರದ ಮನೆ ನಮ್ಮದು. ಜೂನ್ ಕಾಲಿಟ್ಟಿತೆಂದರೆ ಚಪ್ಪಲಿ, ಬೆಲ್ಟು, ಕಪಾಟಿನೊಳಗಿನ ರೇಷ್ಮೆ ಸೀರೆ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಲೆನ್ಸಿನ ಒಳಗೂ ಅದು ಬೇರು ಬಿಡುತ್ತದಂತೆ. ನನ್ನ ಸೀರೆಗೆ ಹಿಡಿದಾಗ ಬಿಸಿಲಿಗೆ ಹಾಕು ಎಂದು ಒಂದೇ ಮಾತಿನಲ್ಲಿ ಮುಗಿಸಿದವರು, ಲೆನ್ಸಿಗೂ ಹಿಡಿಯುವುದುಂಟೆಂದು ಎಲ್ಲೋ ಓದಿದ ದಿನ ರಾತ್ರಿ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಮಗನ ಸಂಕಟ ನೋಡಲಾರದೆ ಅತ್ತೆ ತಮ್ಮ ಹಲಸಿನ ಹಪ್ಪಳದ ಡಬ್ಬವನ್ನೇ ಬಿಟ್ಟುಕೊಟ್ಟರು. ಗಾಳಿಯಾಡದ, ಬಿಗಿ ಮುಚ್ಚಳದ ದೊಡ್ಡ ಡಬ್ಬ ಅದು. ಹಪ್ಪಳ ಹಳೆಯ ಬಿಸ್ಕತ್ತಿನ ಟಿನ್ನಿಗೆ ಹೋಯಿತು. ಆ ಮಳೆಗಾಲದಲ್ಲಿ ಲೆನ್ಸು ಗರಿಗರಿಯಾಗಿ ಉಳಿಯಿತು, ಹಪ್ಪಳ ಮೆತ್ತಗಾಯಿತು. ಈಗಲೂ ಇವರ ಕ್ಯಾಮರಾದ ಚೀಲ ಬಿಚ್ಚಿದರೆ ಸಣ್ಣಗೆ ಹಲಸಿನ ಪರಿಮಳ ಬರುತ್ತದೆ.

ಇವರು ಮೂಡುಬಿದಿರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕರು. ನಾನು ಬಂಟ್ವಾಳದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ಗಾಜಿನೊಳಗೆ ಬೆಳಕು ಹೇಗೆ ಬಾಗುತ್ತದೆಂದು ವರ್ಷವರ್ಷವೂ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಾ ಇವರು ತಾವೇ ಆ ಕಡೆಗೆ ಬಾಗಿಬಿಟ್ಟರು. ಮೊದಮೊದಲು ಕ್ಯಾಮರಾದ ಜೊತೆಗೇ ಬಂದ ಲೆನ್ಸು ಸಾಕಾಗಿತ್ತು. ಆಮೇಲೆ ಅದರಲ್ಲಿ ಚಿತ್ರದ ಮೂಲೆಗಳು ಮಸುಕಾಗಿ ಬರುತ್ತವೆಂದು ಗೊತ್ತಾಯಿತು. ಮದುವೆ ಆಲ್ಬಮ್ಮಿನಲ್ಲಿ ತಾನು ಹೇಗೆ ಬಂದಿದ್ದೇನೆ ಎಂದು ಹುಡುಕುವವರನ್ನು ಕಂಡಿದ್ದೇನೆ, ಮೂಲೆ ಹೇಗೆ ಬಂದಿದೆ ಎಂದು ಹುಡುಕುವವರನ್ನು ನಾನು ಕಂಡದ್ದು ಇವರೊಬ್ಬರನ್ನೇ. ಹಾಗಾಗಿ ಮುಖಕ್ಕೆ ಒಂದು ಲೆನ್ಸು ಬಂತು, ಹೂವಿಗೆ ಒಂದು, ದೂರಕ್ಕೆ ಒಂದು, ಅಗಲಕ್ಕೆ ಒಂದು. ಒಂದು ಬರುವಾಗ ಇದೇ ಕೊನೆಯದ್ದು ಎಂಬ ಮಾತೂ ಅದರ ಜೊತೆಗೇ ಬರುತ್ತಿತ್ತು.

ಅಗಲದ್ದು ಬಂದ ವಾರ ನನ್ನನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದರು. ಕೇಳದೆಯೇ ಕರೆದದ್ದು ನೋಡಿ ನಾನು ಹಿಗ್ಗಿ ಒಳ್ಳೆಯ ಸೀರೆ ಉಟ್ಟೆ. ಹೋದ ಮೇಲೆ ತಿಳಿಯಿತು, ಬಂದದ್ದು ಬಸದಿ ನೋಡಲಿಕ್ಕಲ್ಲ, ನನ್ನ ಫೋಟೊ ತೆಗೆಯಲಿಕ್ಕೂ ಅಲ್ಲ. ಲೆನ್ಸಿನ ಅಂಚಿನಲ್ಲಿ ಕಂಬ ನೆಟ್ಟಗೆ ಕಾಣುತ್ತದೋ ಬಾಗಿ ಕಾಣುತ್ತದೋ ಎಂದು ಪರೀಕ್ಷಿಸಲಿಕ್ಕೆ. ಒಂದರಂತೆ ಇನ್ನೊಂದಿಲ್ಲದೆ ಕೆತ್ತಿ ನಿಲ್ಲಿಸಿದ ಆ ಕಂಬಗಳನ್ನು ಹಿಂದಿನವರು ಈ ಒಂದು ಪರೀಕ್ಷೆಗೆಂದೇ ನಿಲ್ಲಿಸಿ ಹೋದ ಹಾಗಿತ್ತು ಇವರ ಓಡಾಟ. ಕೊನೆಯ ಕಂಬ ಕೂದಲೆಳೆಯಷ್ಟು ಬಾಗಿತಂತೆ. ಮನೆಗೆ ಮರಳುವಾಗ ಸಿದ್ಧಕಟ್ಟೆ ದಾಟುವವರೆಗೂ ಇವರು ಅದೊಂದೇ ಕಂಬದ ಮಾತಾಡಿದರು.

ಆದರೆ ಇವರ ನಿಜವಾದ ಹುಚ್ಚು ಹಕ್ಕಿಯದ್ದು. ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು, ಬೆಳ್ತಂಗಡಿಯ ಗೆಳೆಯರೊಬ್ಬರನ್ನು ಹತ್ತಿಸಿಕೊಂಡು, ನೆರಿಯದ ಕಾಡಿನಂಚಿಗೆ ಹೋಗುತ್ತಿದ್ದರು. ಅಲ್ಲಿ ಮಂಗಟ್ಟೆ ಹಕ್ಕಿ ಇದೆ, ದೊಡ್ಡ ಬಾಗಿದ ಕೊಕ್ಕಿನದ್ದು, ಹಾರಿದರೆ ರೆಕ್ಕೆಯ ಸದ್ದು ಕೆಳಗಿನವರಿಗೆ ಕೇಳುವಂಥದ್ದು. ಅದಕ್ಕಾಗಿ ಮರದ ಕೆಳಗೆ ಕಲ್ಲಿನ ಹಾಗೆ ಕೂತು, ಕಾಲಿನ ತುಂಬ ಜಿಗಣೆ ಹತ್ತಿಸಿಕೊಂಡು ಬರುವರು. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸುವಷ್ಟು ಹೊತ್ತು ಕೂಡ ಕೂತಲ್ಲಿ ಕೂರದ ಮನುಷ್ಯ.

ಸಂಜೆ ಚಹಾ ಆದ ಮೇಲೆ ಪ್ರದರ್ಶನ. ಮೊದಲ ಪಾಳಿ ನನ್ನದು. ಲ್ಯಾಪ್‌ಟಾಪಿನಲ್ಲಿ ಎಲೆ ಕಾಣುತ್ತಿತ್ತು, ಮತ್ತೆ ಎಲೆ, ಅದರ ಹಿಂದೆ ಒಂದು ಕೊಂಬೆ. ಹಕ್ಕಿ ಎಲ್ಲಿ ಎಂದು ಕೇಳಿದರೆ ಬೆರಳಿಟ್ಟು ತೋರಿಸುವರು. ಬೆರಳು ತೆಗೆದ ಮೇಲೆ ಬೆರಳಿನ ಅಡಿಯಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತಿತ್ತು. ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಅಭ್ಯಾಸದವಳು ನಾನು, ಸುಳ್ಳು ಅಂಕ ಕೊಡಲಿಕ್ಕೆ ಬರುವುದಿಲ್ಲ. ಎಲೆ ಚೆನ್ನಾಗಿ ಬಂದಿದೆ ಎನ್ನುತ್ತಿದ್ದೆ. ಇವರು ಲ್ಯಾಪ್‌ಟಾಪ್ ಎತ್ತಿಕೊಂಡು ಚಾವಡಿಗೆ, ಅಮ್ಮನ ಹತ್ತಿರ ಹೋಗುತ್ತಿದ್ದರು.

ಅಲ್ಲಿ ಕತೆಯೇ ಬೇರೆ. ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತಿರುವರು, ಮಗ ಕಾಲ ಬುಡದಲ್ಲಿ ಮಣೆ ಹಾಕಿಕೊಂಡು ಅರ್ಧ ಗಂಟೆ, ಮುಕ್ಕಾಲು ಗಂಟೆ ತೋರಿಸುವರು. ಅಡುಗೆಮನೆಗೆ ಮಾತು ಸ್ಪಷ್ಟವಾಗಿ ಕೇಳಿಸದು, ಗುಂಯ್ ಎಂಬ ಸ್ವರ ಮಾತ್ರ. ನಡುನಡುವೆ ಅತ್ತೆಯ ಒಂದೇ ಮಾತು ಕೇಳುವುದು: ಪೊರ್ಲುಂಡು. ನಮ್ಮ ತುಳುವಿನಲ್ಲಿ ಹಾಗೆಂದರೆ ಚಂದ ಉಂಟು ಎಂದು. ಪ್ರತಿ ಚಿತ್ರಕ್ಕೂ ಪೊರ್ಲುಂಡು. ಒಳಗೆ ಬರುವಾಗ ಇವರ ಮುಖ ಅರಳಿರುತ್ತಿತ್ತು. ನೋಡುವ ಕಣ್ಣು ಬೇಕು ಮಾರಾಯ್ತಿ, ಎನ್ನುತ್ತಿದ್ದರು ನನಗೆ. ನಾನು ಸಾಸಿವೆ ಸಿಡಿಸಿಬಿಡುತ್ತಿದ್ದೆ.

ಜಿಲ್ಲೆಯ ಛಾಯಾಚಿತ್ರ ಸ್ಪರ್ಧೆಗಳಿಗೆಲ್ಲ ಇವರು ಕಳುಹಿಸುತ್ತಿದ್ದರು. ಒಂದಾದರೂ ಬಹುಮಾನ ಬಂದದ್ದಿಲ್ಲ. ತೀರ್ಪುಗಾರರಿಗೆ ಕಣ್ಣಿಲ್ಲ ಎಂಬುದು ತಾಯಿ ಮಗ ಇಬ್ಬರದೂ ಒಂದೇ ಅಭಿಪ್ರಾಯ. ಹೀಗೆ ಊರಿಡೀ ಒಬ್ಬರೇ ಅಭಿಮಾನಿ, ಅವರೂ ಮನೆಯಲ್ಲೇ. ಆ ಒಂದು ಬಲದ ಮೇಲೆ ಹುಚ್ಚು ಹತ್ತು ವರ್ಷ ನಡೆಯಿತು.

ಹೋದ ನವರಾತ್ರಿಯ ಹೊತ್ತಿಗೆ ಇದೇ ಕೊನೆಯದ್ದು ಎಂಬ ಮಾತಿನೊಂದಿಗೆ ಇನ್ನೊಂದು ಬಂತು. ಇದು ಬಲು ದೂರದ ಲೆನ್ಸು. ಸೋರೆಕಾಯಿಯಷ್ಟು ಉದ್ದ, ರುಬ್ಬುಗುಂಡಿನಷ್ಟು ಭಾರ. ಮುಂದಿನ ಗಾಜು ಚಹಾದ ತಟ್ಟೆಯಷ್ಟು ಅಗಲ, ಅದರೊಳಗೆ ನೇರಳೆ ಹಸಿರು ಬಣ್ಣ ಹೊಳೆಯುತ್ತಿತ್ತು. ಅದನ್ನು ಕೊಳ್ಳುವ ಮೊದಲು ತಿಂಗಳುಗಟ್ಟಲೆ ವಿಮರ್ಶೆ ಓದಿದರು, ವೀಡಿಯೊ ನೋಡಿದರು, ಮೂಡುಬಿದಿರೆಯ ಸ್ಟುಡಿಯೊದವರ ತಲೆ ತಿಂದರು. ನನ್ನನ್ನು ನೋಡಲಿಕ್ಕೆ ಕೊಕ್ಕಡದ ನನ್ನ ತವರಿಗೆ ಬಂದಾಗ ಇವರು ಒಂದು ಲೋಟ ಪಾನಕ ಕುಡಿಯುವಷ್ಟರೊಳಗೆ ಒಪ್ಪಿದ್ದರು. ಆ ವಿಚಾರ ನಾನು ಎತ್ತಲಿಲ್ಲ.

ಆಯುಧ ಪೂಜೆಯ ದಿನ ನಮ್ಮಲ್ಲಿ ಮನೆಯ ಕಬ್ಬಿಣವೆಲ್ಲ ಚಾವಡಿಗೆ ಬರುತ್ತದೆ. ಕತ್ತಿ, ಹಾರೆ, ಮೆಟ್ಟುಕತ್ತಿ, ತೆಂಗಿನಕಾಯಿ ಹೆರೆಯುವ ಮಣೆ, ಮಿಕ್ಸಿ, ಲ್ಯಾಪ್‌ಟಾಪ್, ನನ್ನ ಕೆಂಪು ಪೆನ್ನು. ಎಲ್ಲವನ್ನೂ ತೊಳೆದು ಒರೆಸಿ ಚಾಪೆಯ ಮೇಲೆ ಸಾಲಾಗಿ ಇಡುವುದು. ಮನೆಗೆ ಹಿರಿಯರಾದ ಅತ್ತೆ ಒಂದೊಂದಕ್ಕೂ ಗಂಧ ಹಚ್ಚಿ, ಕುಂಕುಮ ಇಟ್ಟು, ಅಡಿಕೆಯ ಹೂವಾದ ಹಿಂಗಾರದ ಎಸಳು ಸಿಕ್ಕಿಸುವುದು ಪದ್ಧತಿ. ಆ ಸಲ ಸಾಲಿನ ನಡುವೆ ಹೊಸ ಲೆನ್ಸು ನಿಂತಿತ್ತು, ಆಕಾಶಕ್ಕೆ ಮುಖ ಮಾಡಿ. ಫೋಟೊದಲ್ಲಿ ಗಾಜಿನ ಬಣ್ಣ ಕಾಣಲಿ ಎಂದು ಮುಚ್ಚಳವನ್ನು ಇವರೇ ತೆಗೆದಿಟ್ಟಿದ್ದರು. ಅದನ್ನು ಫೋಟೊ ಹುಚ್ಚಿನವರ ತಮ್ಮ ವಾಟ್ಸಾಪ್ ಗುಂಪಿಗೆ ಕಳುಹಿಸಲಿಕ್ಕಿತ್ತು.

ಅತ್ತೆ ತಟ್ಟೆ ಹಿಡಿದು ಬಗ್ಗಿಕೊಂಡು ಬಂದರು. ಕತ್ತಿಗೆ ಹಚ್ಚಿದರು, ಮಿಕ್ಸಿಗೆ ಹಚ್ಚಿದರು. ಲೆನ್ಸಿನ ಹತ್ತಿರ ಬಂದು ಒಂದು ಕ್ಷಣ ಕೈಯಾಡಿಸಿದರು. ಆಮೇಲೆ ಗಂಧದಲ್ಲಿ ಅದ್ದಿದ ಮೂರು ಬೆರಳನ್ನು, ಶಿವಲಿಂಗಕ್ಕೆ ಹಚ್ಚುವ ಹಾಗೆ, ಗಾಜಿನ ಸರಿ ನಡುವೆ ಅಡ್ಡಲಾಗಿ ಎಳೆದರು. ಅದರ ಮೇಲೆ ಕುಂಕುಮದ ಬೊಟ್ಟು. ಅದರ ಮೇಲೆ ಹಿಂಗಾರ.

ಇವರು ಕೂಗಲಿಲ್ಲ. ಪೂಜೆಯ ಹೊತ್ತು, ಎದುರಿಗೆ ತಾಯಿ. ಗಂಟಲಲ್ಲಿ ಹಲ್ಲಿಯ ಹಾಗೆ ಒಂದು ಸ್ವರ ಬಂತು, ಅಷ್ಟೆ. ಆರತಿ ಮುಗಿಯುವವರೆಗೆ ಇವರ ಕಣ್ಣು ದೇವರ ಕಡೆ ಹೋಗಲೇ ಇಲ್ಲ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು, ಭಕ್ತಿಯೆಂಬ ಹಾಗೆ ತಲೆ ತಗ್ಗಿಸಿ ನಿಂತೆ.

ಮುಗಿದದ್ದೇ ಲೆನ್ಸನ್ನು ಎತ್ತಿಕೊಂಡು ಒಳಗೆ ಹೋದರು. ಒರೆಸಿದರೆ ಗಂಧದ ಕಣ ಗಾಜಿನ ಮೇಲಿನ ಲೇಪವನ್ನು ಗೀರುತ್ತದೆ, ಒರೆಸದಿದ್ದರೆ ಒಣಗಿ ಅಂಟುತ್ತದೆ. ಗುಂಪಿನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ವೇದ. ಎಷ್ಟು ಹಾಳಾಗಿದೆ ನೋಡುವ ಎಂದು ಹಾಗೆಯೇ ಕ್ಯಾಮರಾಕ್ಕೆ ಸಿಕ್ಕಿಸಿ ಕಿಟಕಿಯಿಂದ ತೆಂಗಿನಮರದ ಒಂದು ಫೋಟೊ ತೆಗೆದರು. ತೆಂಗಿನಮರ ಚೆನ್ನಾಗಿಯೇ ಬಂದಿತ್ತು. ಎಲ್ಲಿ ಹುಡುಕಿದರೂ ಗಂಧವೂ ಇಲ್ಲ, ಕುಂಕುಮವೂ ಇಲ್ಲ. ಅಷ್ಟು ಹತ್ತಿರದ್ದು ಲೆನ್ಸಿಗೆ ಕಾಣುವುದಿಲ್ಲ, ಸ್ವಲ್ಪ ಬೆಳಕು ಕಡಿಮೆಯಾಗಬಹುದು ಅಷ್ಟೆ, ಎಂದು ಭೌತಶಾಸ್ತ್ರವನ್ನು ತಾವೇ ವಿವರಿಸಿದರು. ಹಾಗಿದ್ದರೆ ಒರೆಸುವುದು ಯಾಕೆ, ಪ್ರಸಾದ ಇರಲಿ ಎಂದೆ. ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಸಂಜೆ ಚಾವಡಿ ಗುಡಿಸುವಾಗ ನನ್ನ ನಗು ನಿಂತಿತು. ಚಾಪೆ ಮಡಚಿ ನೋಡಿದರೆ, ಅದರ ಪಕ್ಕದಲ್ಲಿ ಬರಿ ನೆಲದ ಮೇಲೆ ಗಂಧ, ಕುಂಕುಮ, ಒಂದು ಎಸಳು ಹಿಂಗಾರ. ನೆಲದ ಆ ಒಂದು ಟೈಲ್ಸು ಬೇರೆಯವಕ್ಕಿಂತ ಸ್ವಲ್ಪ ಕಪ್ಪು. ಅತ್ತೆ ಅದನ್ನು ಹಾರೆಯೋ ಮಣೆಯೋ ಎಂದುಕೊಂಡು ಪೂಜೆ ಮಾಡಿದ್ದರು. ಪಕ್ಕದಲ್ಲಿದ್ದ ನಿಜವಾದ ಹಾರೆಗೆ ಏನೂ ಇರಲಿಲ್ಲ. ಗಾಜಿಗೆ ಗಂಧ ಹಚ್ಚಿದ್ದು ಭಕ್ತಿಯಿಂದಲೂ ಅಲ್ಲ, ತಿಳಿಯದೆಯೂ ಅಲ್ಲ, ಕಾಣದೆ.

ಒಂದೊಂದೇ ನೆನಪಿಗೆ ಬಂತು. ಈಗಿನ ಬಲ್ಬಿಗೆ ಬೆಳಕೇ ಇಲ್ಲ ಎಂದು ಅತ್ತೆ ಹೇಳಿ ಹೇಳಿ ನಾವು ಬಲ್ಬು ಬದಲಿಸಿದ್ದು. ಪೇಪರಿನ ಅಕ್ಷರ ಸಣ್ಣ ಮಾಡಿದ್ದಾರೆ ಎಂದು ಬೈದು, ತೀರಿಹೋದವರ ಪುಟವನ್ನು ನನ್ನಿಂದ ಓದಿಸಿಕೊಳ್ಳುತ್ತಿದ್ದದ್ದು. ಧಾರಾವಾಹಿ ನೋಡುವಾಗ ಟಿವಿಯ ಕಡೆ ಮುಖವಿರದೆ ಕಿವಿ ಇರುತ್ತಿದ್ದದ್ದು. ಅಡುಗೆಮನೆಯಲ್ಲಿ ಮಾತ್ರ ಒಂದು ಚಮಚ ತಪ್ಪುತ್ತಿರಲಿಲ್ಲ, ಆ ಮನೆಯಲ್ಲಿ ಅವರು ಕಣ್ಣು ಮುಚ್ಚಿ ನಡೆದಾರು. ನಡೆಯುತ್ತಿದ್ದದ್ದೂ ಹಾಗೆಯೇ ಎಂದು ನಮಗೆ ಹೊಳೆಯಲಿಲ್ಲ.

ಬಿ.ಸಿ. ರೋಡಿನ ಕಡೆಯ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗೋಡೆಯ ಮೇಲಿನ ಅತಿ ದೊಡ್ಡ ಅಕ್ಷರ ಓದಲಿಕ್ಕೆ ಹೇಳಿದರು. ಅತ್ತೆ ಗೋಡೆ ಯಾವ ಕಡೆ ಎಂದು ಕೇಳಿದರು. ವೈದ್ಯೆ ಸಣ್ಣ ಪ್ರಾಯದವರು, ಸಮಾಧಾನದವರು. ಎರಡೂ ಕಣ್ಣಿನಲ್ಲಿ ಪೊರೆ ಚೆನ್ನಾಗಿ ಬಲಿತಿದೆ, ಆಪರೇಷನ್ ಮಾಡಿ ಒಳಗೆ ಲೆನ್ಸು ಹಾಕಿದರೆ ಕಾಣುತ್ತದೆ, ಹೆದರುವಂಥದ್ದೇನಿಲ್ಲ ಎಂದರು. ಆಮೇಲೆ, ಇದು ಇವತ್ತು ನಿನ್ನೆಯದ್ದಲ್ಲ, ಕೆಲವು ವರ್ಷಗಳಿಂದ ಅಮ್ಮನಿಗೆ ಬೆಳಕು ನೆರಳು ಬಿಟ್ಟು ಹೆಚ್ಚೇನೂ ಕಂಡಿರಲಿಕ್ಕಿಲ್ಲ, ನಿಮಗೆ ಗೊತ್ತಾಗಲಿಲ್ಲವೇ ಎಂದು ಕೇಳಿದರು.

ತಾಯಿಗೆ ಕಾಣುತ್ತಿಲ್ಲ ಎಂಬ ದುಃಖ ಇವರ ಮುಖದ ಮೇಲೆ ಬಂದದ್ದನ್ನು ನೋಡಿದೆ. ಅದರ ಹಿಂದೆಯೇ ಇನ್ನೊಂದು ಬಂತು, ಅದೂ ನನಗೆ ಕಂಡಿತು. ಕೆಲವು ವರ್ಷಗಳೆಂದರೆ ಎಷ್ಟು ಭಾನುವಾರ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದರು.

ಮನೆಗೆ ಬಂದು, ಅತ್ತೆ ಮಲಗಿದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು:

"ಅಮ್ಮನಿಗೆ ಒಂದು ಫೋಟೊ ಕೂಡ ಕಂಡಿರಲಿಕ್ಕಿಲ್ಲ."

ನ್ಯಾಯವಾಗಿ ನೋಡಿದರೆ ನನ್ನ ಪಕ್ಷ ಗೆದ್ದ ಹೊತ್ತು ಅದು. ನೋಡುವ ಕಣ್ಣು ಬೇಕು ಎಂಬ ಮಾತಿಗೆ ಎಷ್ಟೋ ಉತ್ತರ ನಾಲಿಗೆಯ ತುದಿಯಲ್ಲಿದ್ದವು. ಅಷ್ಟು ದೊಡ್ಡ ಮನುಷ್ಯ, ಬಹುಮಾನ ಬಾರದ ಶಾಲೆಯ ಹುಡುಗನ ಹಾಗೆ ನಿಂತಿದ್ದರು. ಚಹಾ ಮಾಡಲಾ ಎಂದು ಮಾತ್ರ ಕೇಳಿದೆ.

ಆ ಭಾನುವಾರ ನೆರಿಯಕ್ಕೆ ಹೋಗಲಿಲ್ಲ. ಮುಂದಿನದಕ್ಕೂ ಹೋಗಲಿಲ್ಲ. ಬೆಳ್ತಂಗಡಿಯ ಗೆಳೆಯರು ಫೋನು ಮಾಡಿದರೆ ಅಮ್ಮನ ಆಪರೇಷನ್ ಉಂಟು ಎನ್ನುವರು. ಒಂದು ದಿನದ ಆಪರೇಷನ್ನಿಗೆ ಇಷ್ಟು ಭಾನುವಾರ ಯಾಕೆ ಎಂದು ಅವರೂ ಕೇಳಿರಬೇಕು. ಲೆನ್ಸು ಗಂಧದ ಸಣ್ಣ ಕಲೆಯೊಂದಿಗೆ ಹಪ್ಪಳದ ಡಬ್ಬದೊಳಗೆ ಹೋಯಿತು. ಅದನ್ನು ಒರೆಸಲಿಕ್ಕೂ ಮನಸ್ಸು ಮಾಡಲಿಲ್ಲ.

ಒಂದು ಮಧ್ಯಾಹ್ನ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿಯೇಬಿಟ್ಟೆ, ಕಾಣದೆ ಎಲ್ಲದಕ್ಕೂ ಪೊರ್ಲುಂಡು ಎಂದದ್ದು ಯಾಕೆ ಎಂದು. ಅತ್ತೆಗೆ ಇದರಲ್ಲಿ ಕೇಳುವಂಥದ್ದೇನು ಎಂದೇ ಅರ್ಥವಾಗಲಿಲ್ಲ.

"ಅವನು ಕೇಳುವುದು ಹೇಗುಂಟು ಅಂತ. ಕಾಣ್ತದಾ ಅಂತ ಯಾವತ್ತೂ ಕೇಳಲಿಲ್ಲ," ಎಂದರು. "ಹೇಗುಂಟು ಅಂದರೆ ಚಂದ ಉಂಟು. ನಾನು ಸುಳ್ಳು ಹೇಳ್ಲಿಲ್ಲ."

ಇದನ್ನು ನಾನು ಇವರಿಗೆ ಹೇಳಲಿಲ್ಲ. ಸಮಾಧಾನವಾಗುತ್ತದೋ ಇನ್ನಷ್ಟು ನೋವಾಗುತ್ತದೋ ಗೊತ್ತಾಗಲಿಲ್ಲ.

ಲೆನ್ಸಿನ ಆಯ್ಕೆಯ ದಿನ ಮಾತ್ರ ಇವರಿಗೆ ಸ್ವಲ್ಪ ಜೀವ ಬಂತು. ಕಣ್ಣೊಳಗೆ ಹಾಕುವ ಲೆನ್ಸಿನಲ್ಲೂ ತರಾವರಿ ಇದೆ ಎಂದು ವೈದ್ಯೆ ಹೇಳಿದ್ದೇ ತಡ, ಬೆನ್ನು ನೆಟ್ಟಗೆ ಮಾಡಿ ಕೂತರು. ದೂರದ್ದು ಸ್ಪಷ್ಟ ಕಾಣುವಂಥದ್ದು ಹಾಕಿಸಿದರೆ ಓದಲಿಕ್ಕೆ ಕನ್ನಡಕ ಬೇಕು. ಹತ್ತಿರದ್ದು ಕಾಣುವಂಥದ್ದಾದರೆ ದೂರಕ್ಕೆ ಕನ್ನಡಕ. ಎರಡೂ ಕಾಣುವಂಥದ್ದೂ ಇದೆ, ಆದರೆ ರಾತ್ರಿ ದೀಪದ ಸುತ್ತ ಕೆಲವರಿಗೆ ಬಳೆ ಬಳೆ ಕಾಣುತ್ತದೆ. ಇವರು ಲೇಪ ಯಾವುದು ಎಂದು ಕೇಳಿದರು. ಅಂಚಿನಲ್ಲಿ ಮಸುಕಾಗುತ್ತದೆಯೇ ಎಂದು ಕೇಳಿದರು. ಬೂಷ್ಟು ಹಿಡಿಯುವುದುಂಟೇ ಎಂದು ಕೇಳಿದರು. ಮುಂದೆ ಇನ್ನೂ ಒಳ್ಳೆಯದು ಬಂದರೆ ಬದಲಾಯಿಸಲಿಕ್ಕೆ ಆಗುತ್ತದೆಯೇ ಎಂದೂ ಕೇಳಿದರು. ವೈದ್ಯೆ ಪೆನ್ನು ಕೆಳಗಿಟ್ಟು, ಸರ್ ಇದು ಕೊನೆಯದ್ದೇ, ಎಂದರು. ಇವರು ಎಷ್ಟೋ ಸಲ ಹೇಳಿದ ಮಾತನ್ನು ಕೊನೆಗೊಬ್ಬರು ನಿಜವಾಗಿಯೂ ಹೇಳಿದ್ದು ಕೇಳಿ ನನಗೆ ಖುಷಿಯಾಯಿತು.

ದೂರದ್ದೇ ಇರಲಿ ಎಂದು ಇವರು ತೀರ್ಮಾನ ಮಾಡಿದರು. ದೂರದ ಲೆನ್ಸಿನ ಮನುಷ್ಯ, ಇನ್ನೇನು ಹೇಳಿಯಾರು. ನನಗೆ ಸಿಟ್ಟು ಬಂತು. ಕಣ್ಣು ಯಾರದ್ದು, ಅವರನ್ನೊಮ್ಮೆ ಕೇಳಿದರೆ ಏನು ಎಂದೆ. ವೈದ್ಯೆ ಅತ್ತೆಯ ಕಡೆ ತಿರುಗಿ ತುಳುವಿನಲ್ಲಿಯೇ ಕೇಳಿದರು, ಅಮ್ಮ, ನಿಮಗೆ ಯಾವುದು ಕಾಣಬೇಕು. ಅತ್ತೆ ಯೋಚನೆ ಮಾಡಿ, ಹತ್ತಿರದ್ದು ಕೈಗೆ ಗೊತ್ತಾಗುತ್ತದೆ, ದೂರದ್ದು ಕಿವಿಗೆ ಗೊತ್ತಾಗುತ್ತದೆ, ಅನ್ನದಲ್ಲಿ ಕೂದಲು ಸಿಕ್ಕಿದರೆ ಮಾತ್ರ ಗೊತ್ತಾಗುವುದಿಲ್ಲ ಎಂದರು. ಅನ್ನ ಮಾಡುವವಳು ನಾನು. ದೂರದ್ದೇ ಇರಲಿ ಎಂದು ನಾನೂ ಒಪ್ಪಿದೆ.

ಒಂದು ಕಣ್ಣಾಗಿ ಸ್ವಲ್ಪ ಸಮಯ ಬಿಟ್ಟು ಇನ್ನೊಂದೂ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಬೆತ್ತದ ಕುರ್ಚಿಯಲ್ಲಿ ಕೂತ ಅತ್ತೆ ಪೊಲೀಸ್ ಅಧಿಕಾರಿಯ ಹಾಗೆ ಕಾಣುತ್ತಿದ್ದರು. ಅದನ್ನು ತೆಗೆದ ದಿನ ತನಿಖೆ ಶುರುವಾಯಿತು. ಗೋಡೆಗೆ ಇಂಥ ಬಣ್ಣ ಬಳಿದದ್ದು ಯಾರು. ಮಾಡಿನ ಮೂಲೆಯಲ್ಲಿ ಜೇಡ ಎಷ್ಟು ವರ್ಷದಿಂದ ಸಂಸಾರ ಮಾಡುತ್ತಿದೆ. ನನ್ನನ್ನು ಹತ್ತಿರ ಕರೆದು, ನಿನ್ನ ತಲೆ ಯಾವಾಗ ಇಷ್ಟು ಬಿಳಿಯಾಯಿತು ಎಂದು ನಿಜವಾದ ಕನಿಕರದಿಂದ ಕೇಳಿದರು. ಮಗ ಕಾಲೇಜಿನಿಂದ ಬಂದು ಮೆಟ್ಟಿಲು ಹತ್ತುವುದನ್ನು ನೋಡಿ ಕುರ್ಚಿಯಿಂದ ಅರ್ಧ ಎದ್ದರು. ಆಮೇಲೆ ನನ್ನ ಹತ್ತಿರ ಮೆಲ್ಲಗೆ, ಅವನ ಅಪ್ಪನೇ ಬಂದ ಹಾಗಾಯಿತು ಎಂದರು. ಹೊಟ್ಟೆಯ ವಿಷಯ ಹೇಳಿದ್ದೋ ಬೇರೇನೋ, ನಾನು ಕೇಳಲಿಲ್ಲ.

ಇದನ್ನೆಲ್ಲ ಕೇಳುತ್ತಿದ್ದ ಇವರಿಗೆ ಹೆದರಿಕೆ ಹತ್ತಿತು. ಸ್ಪರ್ಧೆಯ ತೀರ್ಪುಗಾರರಿಗೆ ಹೆದರದ ಮನುಷ್ಯ ಬೆತ್ತದ ಕುರ್ಚಿಗೆ ಹೆದರಿದರು. ಸಂಜೆ ಕೋಣೆಯ ಬಾಗಿಲು ಓರೆ ಮಾಡಿಕೊಂಡು ಲ್ಯಾಪ್‌ಟಾಪಿನೆದುರು ಕೂರತೊಡಗಿದರು. ಹೊಸ ಲೆನ್ಸಿನ ಹುಡುಕಾಟವೇನೋ ಎಂದು ಇಣುಕಿದೆ. ಅಲ್ಲ, ಹಳೆಯ ಚಿತ್ರಗಳನ್ನು ಅಳಿಸುತ್ತಿದ್ದರು. ಇಷ್ಟು ವರ್ಷದಲ್ಲಿ ಇವರು ಒಂದು ಚಿತ್ರ ಅಳಿಸಿದ್ದನ್ನು ನಾನು ನೋಡಿರಲಿಲ್ಲ. ಎಲೆ ಮಾತ್ರ ಇದ್ದವು ಹೋದವು. ಬೆರಳಿಟ್ಟು ತೋರಿಸಬೇಕಾದವು ಹೋದವು. ಅಡ್ಡ ಬಂದ ಕೊಂಬೆಗೊಂದು, ಮಸುಕಾದ ಕೊಕ್ಕಿಗೊಂದು ನಿಟ್ಟುಸಿರು. ನಾನು ಇಷ್ಟು ವರ್ಷ ಹೇಳಿದ್ದಕ್ಕೆ ಹೋಗದ ಚಿತ್ರಗಳು, ಅಮ್ಮ ನೋಡುತ್ತಾರೆ ಎಂಬ ಒಂದು ಭಯಕ್ಕೆ ಸಾಲುಸಾಲಾಗಿ ಹೋಗುತ್ತಿದ್ದವು. ಕೊನೆಗೆ ಒಂದು ಮುಷ್ಟಿ ಉಳಿದವು. ಅವನ್ನೂ ತೋರಿಸುವ ಧೈರ್ಯ ಇರಲಿಲ್ಲ. ನನ್ನ ಹತ್ತಿರ ಹೇಳಿದರು, ಅಮ್ಮ ಚಂದ ಇಲ್ಲ ಅಂದರೆ ನಾನು ಎಲ್ಲ ಮಾರಿಬಿಡ್ತೇನೆ, ನನಗೆ ಇನ್ನು ಆಗುವುದಿಲ್ಲ ಎಂದು. ನಾಟಕವಲ್ಲ. ಮೂಡುಬಿದಿರೆಯ ಸ್ಟುಡಿಯೊದವರ ಹತ್ತಿರ ಮಾತಾಡಿ ಆಗಿತ್ತು.

ಇದೇ ದಿನಕ್ಕಾಗಿ ನಾನು ಹರಕೆ ಹೊತ್ತವಳು ಎಂದು ಇವರೇ ತಮಾಷೆ ಮಾಡುತ್ತಿದ್ದರು. ಹರಕೆ ಫಲಿಸುವ ಹೊತ್ತಿಗೆ ನನಗೆ ಬೇಡವಾಗಿತ್ತು. ಭಾನುವಾರ ಬೆಳಗಾದರೆ ಮನೆಯ ತುಂಬ ಇವರು. ಪೇಪರು ಮಡಚುವುದು, ಬಿಚ್ಚುವುದು, ಫ್ರಿಜ್ಜಿನ ಬಾಗಿಲು ತೆರೆದು ನೋಡುವುದು. ಜಿಗಣೆ ಕಚ್ಚಿಸಿಕೊಂಡು ನಗುತ್ತಾ ಬರುವ ಗಂಡನೇ ವಾಸಿ ಅನಿಸಿತು.

ಕೊನೆಗೆ ಅತ್ತೆಯೇ ಕೇಳಿದರು. ಒಂದು ಭಾನುವಾರ ಸಂಜೆ ಚಹಾದ ಲೋಟ ಕೆಳಗಿಟ್ಟು, ಈಗೀಗ ಯಾಕೆ ಏನೂ ತೋರಿಸುವುದಿಲ್ಲ, ನನಗೆ ಕಾಣುವುದಿಲ್ಲ ಅಂತಲಾ ಎಂದರು. ತಪ್ಪಿಸಿಕೊಳ್ಳಲಿಕ್ಕೆ ದಾರಿ ಇರಲಿಲ್ಲ. ಇವರು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದರು. ಈಗ ಅಮ್ಮನಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ, ದೊಡ್ಡದಾಗಿಯೇ ನೋಡಲಿ. ಕಾಲ ಬುಡದಲ್ಲಿ ಕೂರಲಿಲ್ಲ, ಗೋಡೆಗೆ ಒರಗಿ ನಿಂತರು, ಮೌಖಿಕ ಪರೀಕ್ಷೆಗೆ ಬಂದವರ ಹಾಗೆ. ಇನ್ನು ವಿವರಣೆಯ ಅಗತ್ಯವೂ ಇಲ್ಲವಲ್ಲ, ಕಣ್ಣು ಬಂದಿದೆ. ಬಾಯಿ ಮುಚ್ಚಿಕೊಂಡು ಒಂದೊಂದೇ ಚಿತ್ರ ಬಿಟ್ಟರು. ನಾನೂ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತೆ.

ಅತ್ತೆ ಮುಂದಕ್ಕೆ ಬಾಗಿ ನೋಡಿದರು. ಒಂದು ಹೋಯಿತು, ಎರಡು ಹೋಯಿತು. ಪೊರ್ಲುಂಡು ಎಂಬ ಮಾತು ಬರಲಿಲ್ಲ. ಇವರ ಕಿವಿ ಕೆಂಪಾಗುತ್ತಾ ಬಂತು. ಆಮೇಲೆ ಮಂಗಟ್ಟೆಯ ಚಿತ್ರ ಬಂತು. ಇವರು ತೆಗೆದದ್ದರಲ್ಲೆಲ್ಲ ಅದೇ ಶ್ರೇಷ್ಠ. ಎತ್ತರದ ಮರ, ಮರದ ತುದಿಯಲ್ಲಿ ಹಕ್ಕಿ, ಕೊಕ್ಕಿನಲ್ಲಿ ಒಂದು ಹಣ್ಣು. ಬೆರಳಿಡದೆಯೂ ಕಾಣುವಂಥದ್ದು.

"ಇದುವಾ?" ಎಂದರು ಅತ್ತೆ.

"ಹೌದಮ್ಮ. ಮಂಗಟ್ಟೆ."

"ಇಷ್ಟು ಸಣ್ಣದಾ? ನೀನು ಹೇಳುವಾಗ ದೊಡ್ಡದಿತ್ತಲ್ಲ ಮಗಾ."

ಇವರು ಅದು ತುಂಬ ಮೇಲಿತ್ತು, ಆಗ ಇದ್ದ ಲೆನ್ಸಿಗೆ ಅಷ್ಟು ದೂರ ಸಿಗುತ್ತಿರಲಿಲ್ಲ, ಈಗಿನದ್ದರಲ್ಲಿ ಆದರೆ ಎಂದು ಶುರುಮಾಡಿದರು. ಅತ್ತೆ ಕೇಳಲಿಲ್ಲ. ಅವರಿಗೆ ನಿಜವಾಗಿ ಬೇಸರವಾಗಿತ್ತು, ಚಿತ್ರ ಕೆಟ್ಟದಾದ್ದಕ್ಕಲ್ಲ. ಅವರು ಕಂಡ ಹಕ್ಕಿ ಇದಲ್ಲ. ಅದು ಬರುವಾಗ ಮಾಡಿನ ಮೇಲೆ ಯಾರೋ ಮಳೆಗೆ ಹೊದೆಯುವ ಗೊರಬು ಬೀಸಿದ ಹಾಗೆ ಸದ್ದಾಗಿತ್ತು, ಅದು ಕೂತಾಗ ಕೊಂಬೆ ಬಗ್ಗಿತ್ತು, ಪೊಟರೆಯೊಳಗೆ ಮಣ್ಣು ಮೆತ್ತಿಕೊಂಡು ಕೂತ ಹೆಣ್ಣಿಗೆ ಹಣ್ಣು ಕೊಟ್ಟಿತ್ತು, ಕೊಡುವ ಮೊದಲು ತಿರುಗಿ ಇವನನ್ನೊಮ್ಮೆ ನೋಡಿತ್ತು. ಅತ್ತೆ ಒಂದೊಂದಾಗಿ ಹೇಳಿದರು. ಇದೆಲ್ಲ ಈ ಫೋಟೊದಲ್ಲಿ ಎಲ್ಲಿದೆ ಎಂದ ಹಾಗೆ ಟಿವಿಯ ಕಡೆ ಕೈ ತೋರಿಸಿದರು. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ಇದರಲ್ಲಿ ಒಂದು ಮಾತನ್ನೂ ನಾನು ಕೇಳಿರಲಿಲ್ಲ. ಎಲೆ ಚೆನ್ನಾಗಿ ಬಂದಿದೆ ಎನ್ನುತ್ತಿದ್ದವಳಿಗೆ ಹೇಳುವವರಾದರೂ ಯಾರು.

ಇವರು ರಿಮೋಟು ಹಿಡಿದುಕೊಂಡು ನಿಂತೇ ಇದ್ದರು. ಅತ್ತೆ ಕುರ್ಚಿಗೆ ಹಿಂದಕ್ಕೆ ಒರಗಿ ಕಾಲು ಸ್ವಲ್ಪ ಸರಿಸಿ ಬುಡದಲ್ಲಿ ಜಾಗ ಮಾಡಿದರು. ಆಮೇಲೆ, ಅಷ್ಟು ಕಷ್ಟಪಟ್ಟು ಆರಿಸಿ ಹಾಕಿಸಿದ ಎರಡೂ ಕಣ್ಣುಗಳನ್ನು ಮುಚ್ಚಿಕೊಂಡರು.

"ಮೊದಲಿಂದ ಹೇಳು," ಎಂದರು.

ಇವರು ನನ್ನ ಕಡೆ ನೋಡಿದರು. ರಿಮೋಟು ನನ್ನ ಕೈಗೆ ಕೊಟ್ಟು, ಟಿವಿ ಆಫ್ ಮಾಡು ಎಂದು ಅಮ್ಮನ ಕಾಲ ಬುಡದಲ್ಲಿ ಕೂತರು. ಆಫ್ ಮಾಡಿ ನಾನೂ ಅಲ್ಲೇ ನೆಲದ ಮೇಲೆ ಕೂತೆ.